ಕೇಸ್ ಶೀಟಿನಲ್ಲಿ ಏನಿರಬೇಕು

ವೈದ್ಯೆ: ಸರ್, ಮೊದಲ ವಾರ್ಡ್ ಪೋಸ್ಟಿಂಗಿನಲ್ಲೇ ನೀವು ಕಲಿಸಿದ್ದ ಒಂದು ಪ್ರಶ್ನೆಯನ್ನ ನಾನು ಈಗ ಕೇಳೋದಿಲ್ಲ. ‘ಮನೇಲಿ ಯಾರ್ಯಾರಿದ್ದೀರಿ?’ ಅನ್ನೋದು.

ಮೇಷ್ಟ್ರು: ಅದನ್ನೇ ಬಿಟ್ಟರೆ ಇನ್ನೇನು ಹಿಸ್ಟರಿ ತಗೋತೀಯಮ್ಮ? ದೊಡ್ಡಾಸ್ಪತ್ರೆ ಓಪಿಡಿಯಲ್ಲಿ ಆ ಒಂದು ಪ್ರಶ್ನೆ ಕೇಳಿದರೆ ಸಾಕಿತ್ತು. ನಾದಿನಿ ಬಾಣಂತನದಿಂದ ಹಿಡಿದು ಭಾವಮೈದನ ಕುಡಿತದವರೆಗೆ ಎಲ್ಲಾ ಹೊರಗೆ ಬರೋದು. ಅರ್ಧ ಡಯಾಗ್ನೋಸಿಸ್ ಅಲ್ಲೇ ಸಿಗೋದು.

ವೈದ್ಯೆ: ನಾನಿರೋ ಕಡೆ ಅದೇ ಪ್ರಶ್ನೆಗೆ ಬಾಯಿ ಕಟ್ಟಿಹೋಗುತ್ತೆ. ಕ್ಯಾಲಿಫೋರ್ನಿಯಾದ ನಡುಭಾಗದ ಕಣಿವೆ, ಫ್ರೆಸ್ನೊ ಊರಿನ ಸುತ್ತಮುತ್ತ. ಸಿನಿಮಾದಲ್ಲಿ ಕಾಣೋ ಕ್ಯಾಲಿಫೋರ್ನಿಯಾ ಅಲ್ಲ. ಕಣ್ಣು ಹಾಯೋವರೆಗೆ ದ್ರಾಕ್ಷಿ, ಬಾದಾಮಿ, ಕಿತ್ತಳೆ ತೋಟ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟೋ ಬಿಸಿಲು. ಅಲ್ಲಿನ ಮಣ್ಣಿನಲ್ಲೇ ಒಂದು ಶಿಲೀಂಧ್ರ ಇದೆ, ದೂಳಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತೆ. ಆ ಜ್ವರಕ್ಕೆ ಕಣಿವೆಯ ಹೆಸರೇ ಅಂಟಿಕೊಂಡು ವ್ಯಾಲಿ ಫೀವರ್ ಆಗಿದೆ. ತೋಟದ ಕೂಲಿಗೆ ಬರೋರಲ್ಲಿ ಹೆಚ್ಚಿನವರು ಮೆಕ್ಸಿಕೋ ಕಡೆಯವರು. ಎಷ್ಟೋ ಜನಕ್ಕೆ ಆ ದೇಶದಲ್ಲಿರೋಕೆ ಕಾಗದಪತ್ರ ಇಲ್ಲ. ಒಂದೇ ಮನೆಯಲ್ಲಿ ಅಪ್ಪನಿಗೆ ಕಾಗದ ಇಲ್ಲ, ಅಮ್ಮ ಹಾಕಿದ ಅರ್ಜಿ ಎಲ್ಲೋ ಕೊಳೀತಿದೆ, ಅಲ್ಲೇ ಹುಟ್ಟಿದ ಮಕ್ಕಳು ಅಮೆರಿಕದ ಪ್ರಜೆಗಳು. ‘ಮನೇಲಿ ಯಾರ್ಯಾರು’ ಅಂದ ತಕ್ಷಣ ಅವರ ಕಣ್ಣು ಬಾಗಿಲ ಕಡೆ ಹೋಗುತ್ತೆ.

ಮೇಷ್ಟ್ರು: ಮತ್ತೆ ಹೇಗೆ ಕೇಳ್ತೀಯ?

ವೈದ್ಯೆ: ಸುತ್ತಿ ಬಳಸಿ. ‘ಔಷಧಿ ಅಂಗಡಿಗೆ ಯಾರು ಹೋಗ್ತಾರೆ? ರಾತ್ರಿ ಜ್ವರ ಬಂದರೆ ಯಾರನ್ನ ಎಬ್ಬಿಸ್ತೀರಿ?’ ಅಷ್ಟು ಕೇಳಿ ಸುಮ್ಮನಾಗ್ತೀನಿ. ಮುಂದಿನದು ಹೇಳಬೇಕು ಅನ್ನಿಸಿದರೆ ಅವರೇ ಹೇಳ್ತಾರೆ.

ಮೇಷ್ಟ್ರು: ನಾವು ಕೇಳ್ತಿದ್ದದ್ದಕ್ಕಿಂತ ಒಳ್ಳೇ ಪ್ರಶ್ನೆಗಳೇ ಬಿಡು. ಕೇಳಿದ್ದನ್ನ ಕೇಸ್ ಶೀಟಲ್ಲಿ ಬರೀತೀಯ ತಾನೇ?

ವೈದ್ಯೆ: ಎಲ್ಲವನ್ನೂ ಇಲ್ಲ.

ಮೇಷ್ಟ್ರು: ಇದು ನನಗೆ ಹಿಡಿಸಲಿಲ್ಲ. ಬರೆಯದ್ದು ನಡೆದೇ ಇಲ್ಲ ಅಂತ ನಿಮ್ಮ ಬ್ಯಾಚಿಗೆಲ್ಲ ಹೇಳಿ ಹೇಳಿ ಗಂಟಲು ಹರಕೊಂಡಿದ್ದೀನಿ. ರಾತ್ರಿ ಡ್ಯೂಟಿಗೆ ಬರೋನಿಗೆ ನಿನ್ನ ತಲೆಯೊಳಗಿರೋದು ಗೊತ್ತಾಗೋದು ಹೇಗೆ?

ವೈದ್ಯೆ: ಚಿಕಿತ್ಸೆಗೆ ಬೇಕಾದ್ದು ಬರೀತೀನಿ ಸರ್. ಮನೆಯಲ್ಲಿ ಒಬ್ಬರೇ ಇದ್ದಾರೆ, ನಿದ್ದೆ ಇಲ್ಲ, ಮಾತ್ರೆ ತಪ್ಪುತ್ತಿದೆ. ಇಷ್ಟು ಬರೀತೀನಿ. ಗಂಡ ಯಾವಾಗ ಗಡಿ ದಾಟಿದ, ಈಗ ಯಾವ ಬಂಧನ ಕೇಂದ್ರದಲ್ಲಿದ್ದಾನೆ ಅನ್ನೋದು ಬರೆಯಲ್ಲ. ವಲಸೆಯ ಸ್ಥಿತಿಗತಿ ದಾಖಲೆಯಲ್ಲಿ ಬೇಡ ಅನ್ನೋದು ಇಂಥ ರೋಗಿಗಳನ್ನ ನೋಡೋ ವೈದ್ಯರಲ್ಲಿ ಬಂದಿರೋ ರೂಢಿ. ಅಲ್ಲಿಗೆ ಹೋದ ಹೊಸದರಲ್ಲಿ ಇದು ಅತಿಯಾಯ್ತು ಅನಿಸ್ತಿತ್ತು. 2025ರ ಆಮೇಲೆ ಹಾಗನಿಸಿಲ್ಲ.

ಮೇಷ್ಟ್ರು: ಯಾಕೆ, ಆ ವರ್ಷ ಏನಾಯ್ತು?

ವೈದ್ಯೆ: ಜನವರಿ ಮೊದಲ ವಾರ ಬೇಕರ್ಸ್‌ಫೀಲ್ಡ್ ಸುತ್ತ ಗಡಿ ಕಾವಲು ಪಡೆಯವರು ಬಂದಿಳಿದರು. ಅದು ನಮ್ಮಿಂದ ದಕ್ಷಿಣಕ್ಕಿರೋ ಊರು, ಗಡಿಯಿಂದ ನೂರಾರು ಮೈಲಿ ಒಳಗೆ. ರಸ್ತೆಯಲ್ಲಿ, ಅಂಗಡಿ ಮುಂದೆ ಕೆಲಸಗಾರರನ್ನ ಹಿಡಿದರು. ಕಿತ್ತಳೆ ಕೊಯ್ಲಿನ ಕಾಲ, ತೋಟಗಳಿಗೆ ಆಳು ಬರೋದೇ ನಿಂತಿತು. ಇನ್ನೆರಡು ವಾರಕ್ಕೆ ಹೊಸ ಸರ್ಕಾರ ಬಂತು. ಆಸ್ಪತ್ರೆ, ಶಾಲೆ, ಚರ್ಚುಗಳಲ್ಲಿ ಸಾಮಾನ್ಯವಾಗಿ ಬಂಧನ ಮಾಡಬಾರದು ಅಂತ 2011ರಿಂದ ವಲಸೆ ಅಧಿಕಾರಿಗಳಿಗೆ ಒಂದು ನಿರ್ದೇಶನ ಇತ್ತು, ಅದನ್ನ ಬಂದ ಕೂಡಲೇ ತೆಗೆದುಹಾಕಿದರು. ಜೂನ್‌ನಲ್ಲಿ ಇನ್ನೊಂದು. ಬಡವರ ಸರ್ಕಾರಿ ವಿಮೆ ಇದೆಯಲ್ಲ, ಮೆಡಿಕೇಡ್, ಕ್ಯಾಲಿಫೋರ್ನಿಯಾ ಅದನ್ನ 2016ರಲ್ಲಿ ಮಕ್ಕಳಿಂದ ಶುರುಮಾಡಿ 2024ರ ಹೊತ್ತಿಗೆ ಎಲ್ಲ ವಯಸ್ಸಿನ ಬಡವರಿಗೂ, ಕಾಗದಪತ್ರ ಇಲ್ಲದಿದ್ದರೂ, ತೆರೆದಿತ್ತು. ಹಾಗೆ ನಂಬಿ ಹೆಸರು ಬರೆಸಿದವರ ವಿವರವನ್ನ, ವಿಳಾಸದ ಸಮೇತ, ಕೇಂದ್ರ ಸರ್ಕಾರ ತನ್ನ ಗೃಹಭದ್ರತಾ ಇಲಾಖೆಗೆ ದಾಟಿಸಿತು. ರಾಜ್ಯಗಳು ಕೋರ್ಟಿಗೆ ಹೋದವು. ಅದರ ಜಗ್ಗಾಟ ಒಂದು ಕಡೆ ನಡೀತು. ಆದರೆ ನಮ್ಮ ಕ್ಲಿನಿಕ್ಕಿನ ಕೌಂಟರಿನಲ್ಲಿ ಫಾರಂ ತುಂಬಿಸಿಕೊಡೋ ಹುಡುಗಿಯರ ಮುಂದೆ ಜನ ಬಂದು ನಿಂತರು. ಬೈಯಲಿಲ್ಲ, ಏನೂ ಇಲ್ಲ. ‘ಹೆಸರು ವಾಪಸು ತಗೋಬಹುದಾ’ ಅಂತ ಕೇಳಿದರು.

ಮೇಷ್ಟ್ರು: ಸರಿ, ಹೆದರೋದಕ್ಕೆ ಕಾರಣ ಇದೆ, ಒಪ್ಪಿದೆ. ಆದರೂ ನನ್ನ ತಕರಾರು ಹಾಗೇ ಇದೆ. ಒಂದು ಕಾಲದಲ್ಲಿ ಜನ ಏನು ಅನುಭವಿಸಿದರು ಅಂತ ಮುಂದಿನವರಿಗೆ ಗೊತ್ತಾಗೋದೇ ಆಸ್ಪತ್ರೆ ರಿಜಿಸ್ಟರುಗಳಿಂದ. ಪ್ಲೇಗು, ಕ್ಷಾಮ ಎಲ್ಲಾ ಹಾಗೇ ಗೊತ್ತಾಗಿದ್ದು. ನೀನು ಖಾಲಿ ಬಿಟ್ಟರೆ ನಾಳೆ ಯಾರಾದರೂ ‘ಅಂಥದ್ದೇನೂ ಆಗಿರಲಿಲ್ಲ, ಇದು ಬರೀ ರಕ್ತದೊತ್ತಡ’ ಅಂತಾರೆ.

ವೈದ್ಯೆ: ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ತಮಾಷೆ ಏನು ಗೊತ್ತಾ, ಇದಕ್ಕೂ ಕೋಡ್ ಇದೆ. ಐಸಿಡಿ ಪಟ್ಟಿಯಲ್ಲಿ ಝಡ್ 63.3, ಕುಟುಂಬದ ಸದಸ್ಯರೊಬ್ಬರು ಮನೆಯಲ್ಲಿ ಇಲ್ಲದಿರುವುದು. ಗಂಡ ದುಡಿಯೋಕೆ ಪರದೇಶಕ್ಕೆ ಹೋಗಿದ್ದರೂ ಅದೇ, ಸೈನ್ಯದಲ್ಲಿದ್ದರೂ ಆ ಹತ್ತಿರದ್ದೇ, ಹಿಡಿದು ಒಯ್ದಿದ್ದರೂ ಅದೇ. ಅದನ್ನ ಬರೆದರೆ ದುಡ್ಡು ಕೊಡೋರು ಯಾರೂ ಇಲ್ಲ. ಆದರೂ ನಾನು ಬರೀತೀನಿ. ಅಷ್ಟಾದರೂ ಗುರುತು ಇರಲಿ ಅಂತ.

ಮೇಷ್ಟ್ರು: ಒಂದು ಕೇಸ್ ಹೇಳು. ಹೆಸರು ಬೇಡ.

ವೈದ್ಯೆ: ಹೆಸರು, ಊರು, ವಯಸ್ಸು ಎಲ್ಲಾ ಬದಲಾಯಿಸಿಯೇ ಹೇಳೋದು. ನಲವತ್ತರ ಆಸುಪಾಸಿನ ಹೆಂಗಸು. ಮೆಕ್ಸಿಕೋದ ವಹಾಕ ಪ್ರಾಂತದವಳು, ದ್ರಾಕ್ಷಿ ಪ್ಯಾಕಿಂಗ್ ಕೆಲಸ. ಬಿಪಿ ಒಂದು ವರ್ಷದಿಂದ ಹದದಲ್ಲಿತ್ತು. ಒಂದು ದಿನ 190/110. ಮಾತ್ರೆ ತಗೋತಿದ್ದೀರಾ ಅಂದರೆ ಹೌದು ಅಂತಾಳೆ. ಅವಳ ಮಾತು ಸ್ಪ್ಯಾನಿಷ್ ಅಲ್ಲ, ಮಿಷ್ಟೆಕೊ. ಅಲ್ಲಿನ ಮೂಲನಿವಾಸಿಗಳ ಭಾಷೆ, ಊರಿಂದೂರಿಗೆ ಬೇರೆ. ಫೋನಿನಲ್ಲಿ ಒಬ್ಬರು ಮಿಷ್ಟೆಕೊದಿಂದ ಸ್ಪ್ಯಾನಿಷ್‌ಗೆ, ಇನ್ನೊಬ್ಬರು ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ. ನಾನು ಮನಸ್ಸಿನಲ್ಲಿ ಕನ್ನಡಕ್ಕೆ. ‘ಎದೆ ಉರೀತಿದೆಯಾ’ ಅಂತ ಕೇಳಿ ಉತ್ತರ ಬರೋವಷ್ಟರಲ್ಲಿ ನಿಗದಿಯ ಇಪ್ಪತ್ತು ನಿಮಿಷದಲ್ಲಿ ಐದು ಕಳೀತಿತ್ತು. ಅಂಥ ಹೊತ್ತಿನಲ್ಲಿ ಜೊತೆಗೆ ಬಂದ ಮಗನನ್ನೇ ಕೇಳಿಬಿಡೋ ಆಸೆ ಆಗುತ್ತೆ. ಒಂಬತ್ತು ವರ್ಷದ ಹುಡುಗ, ಇಂಗ್ಲಿಷ್ ಅರಳು ಹುರಿದ ಹಾಗೆ ಮಾತಾಡ್ತಾನೆ. ಆದರೆ ಅಮ್ಮನ ಮುಟ್ಟಿನ ವಿಷಯ, ಅಮ್ಮ ರಾತ್ರಿ ಅಳೋ ವಿಷಯ ಮಗನ ಬಾಯಲ್ಲಿ ಆಡಿಸಬಾರದು. ಕಾನೂನೂ ಬೇಡ ಅನ್ನುತ್ತೆ.

ಮೇಷ್ಟ್ರು: ಆಮೇಲೆ ಏನು ಸಿಕ್ಕಿತು?

ವೈದ್ಯೆ: ‘ಔಷಧಿ ಅಂಗಡಿಗೆ ಯಾರು ಹೋಗ್ತಾರೆ’ ಅಂದೆ. ಆ ಕಡೆ ಫೋನಿನಲ್ಲಿದ್ದ ದುಭಾಷಿ ಕೂಡ ಸುಮ್ಮನಾದಳು. ಗಂಡನನ್ನ ಕೆಲಸಕ್ಕೆ ಹೋಗೋ ದಾರಿಯಲ್ಲಿ ಹಿಡಿದಿದ್ದಾರೆ. ಕಾರು ಓಡಿಸ್ತಿದ್ದದ್ದು ಅವನೇ. ಅಂಗಡಿ ಎಂಟು ಮೈಲಿ ದೂರ. ಇದ್ದ ಮಾತ್ರೆಯನ್ನ ಅವಳು ಅರ್ಧ ಅರ್ಧ ಮಾಡಿಕೊಂಡು, ಆಮೇಲೆ ದಿನ ಬಿಟ್ಟು ದಿನ ನುಂಗ್ತಿದ್ದಳು. ಅವಳ ಪ್ರಕಾರ ಅದು ‘ತಗೋತಿದ್ದೀನಿ’ಯೇ. ನಾನು ಡೋಸ್ ಜಾಸ್ತಿ ಮಾಡಿ ಕಳಿಸಿದ್ದರೆ ಪುಸ್ತಕದ ಪ್ರಕಾರ ಸರಿಯಾಗಿರ್ತಿತ್ತು. ಮಾಡಿದ್ದು ಇಷ್ಟೇ: ತೊಂಬತ್ತು ದಿನದ ಮಾತ್ರೆ ಅಂಚೆಯಲ್ಲಿ ಮನೆಗೆ ಬರೋ ಹಾಗೆ ಬರೆದುಕೊಟ್ಟೆ. ಮುಂದಿನ ಭೇಟಿ ಫೋನಿನಲ್ಲಿ. ಒಂದು ಬಿಪಿ ಮೆಷಿನ್ ಕೊಟ್ಟು ಕಳಿಸಿದ್ವಿ.

ಮೇಷ್ಟ್ರು: ಇದು ನೋಡು ಡಾಕ್ಟರಿಕೆ. ಆ ದೇಶದಲ್ಲಿ ಇದಕ್ಕೆ ಹಳೇ ಪರಂಪರೆಯೂ ಇದೆ. ಜ್ಯಾಕ್ ಗೈಗರ್ ಅಂತ ಒಬ್ಬರಿದ್ದರು, ಅರವತ್ತರ ದಶಕದಲ್ಲಿ ಮಿಸಿಸಿಪ್ಪಿಯ ಮೌಂಡ್ ಬಯೂ ಅನ್ನೋ ಊರಲ್ಲಿ ಬಡ ಕರಿಯರಿಗಾಗಿ ಆರೋಗ್ಯ ಕೇಂದ್ರ ಕಟ್ಟಿದವರು. ಹಸಿದ ಮಕ್ಕಳಿಗೆ ಚೀಟಿಯಲ್ಲಿ ಊಟ ಬರೆದುಕೊಟ್ಟರು. ಬಿಲ್ಲು ಔಷಧಿಯ ಲೆಕ್ಕದಿಂದ. ಮೇಲಿನವರು ತಕರಾರು ತೆಗೆದಾಗ, ನಾನು ಓದಿದ ಪುಸ್ತಕದಲ್ಲಿ ಅಪೌಷ್ಟಿಕತೆಗೆ ಔಷಧಿ ಅಂತ ಇರೋದು ಆಹಾರವೇ ಅಂತ ಉತ್ತರ ಕೊಟ್ಟರು.

ವೈದ್ಯೆ: ನಮ್ಮ ಕ್ಲಿನಿಕ್ಕು ಅದೇ ವಂಶದ್ದು ಸರ್. ನಾನಲ್ಲಿ ಸೇರಿದ್ದೇನೂ ಸೇವಾಭಾವದಿಂದಲ್ಲ, ಅದನ್ನೂ ಹೇಳಿಬಿಡ್ತೀನಿ. ಹೊರದೇಶದಿಂದ ಹೋಗಿ ಅಲ್ಲಿ ರೆಸಿಡೆನ್ಸಿ ಮುಗಿಸಿದವರು ಸಾಮಾನ್ಯವಾಗಿ ಎರಡು ವರ್ಷ ತಾಯ್ನಾಡಿಗೆ ವಾಪಸಾಗಬೇಕು. ವೈದ್ಯರಿಲ್ಲದ ಪ್ರದೇಶದಲ್ಲಿ ಮೂರು ವರ್ಷ ದುಡಿದರೆ ಅದರಿಂದ ವಿನಾಯಿತಿ. ಒಂದೊಂದು ರಾಜ್ಯಕ್ಕೆ ವರ್ಷಕ್ಕೆ ಮೂವತ್ತು ಸೀಟು. ಹಾಗೆ ಬಂದವಳು ನಾನು. ಮೂರು ವರ್ಷ ಮುಗಿದ ಮೇಲೂ ಇದ್ದೀನಿ ಅನ್ನೋದು ಬೇರೆ.

ಮೇಷ್ಟ್ರು: ಹಾಗಾದರೆ ನೀನೂ ಒಬ್ಬ ವಲಸಿಗಳೇ.

ವೈದ್ಯೆ: ಆ ಮಾತನ್ನ ಅಲ್ಲಿನ ಸಹೋದ್ಯೋಗಿಗಳೂ ಹೇಳ್ತಾರೆ, ‘ನಿನಗೆ ಅವರ ಕಷ್ಟ ಅರ್ಥ ಆಗುತ್ತೆ’ ಅಂತ. ನನಗೆ ಮುಜುಗರ. ನನ್ನ ಹಸಿರು ಕಾರ್ಡ್ ಅರ್ಜಿ ಭಾರತೀಯರ ಉದ್ದನೆಯ ಸಾಲಿನಲ್ಲಿ ನಿಂತಿದೆ, ನಿಜ. ವೀಸಾ ಸ್ಟಾಂಪಿಂಗ್ ಸಿಗುತ್ತೋ ಇಲ್ಲವೋ ಅಂತ ಅಮ್ಮನ ಆಪರೇಷನ್ನಿಗೆ ಬರೋದನ್ನ ಮುಂದಕ್ಕೆ ಹಾಕಿದ್ದೂ ನಿಜ. ಆದರೆ ನಾನು ಮುಂದಕ್ಕೆ ಹಾಕಿದ್ದು. ಅವರು ಒಮ್ಮೆ ಊರಿಗೆ ಹೋದರೆ ಹತ್ತು ವರ್ಷ ಹಿಂತಿರುಗೋ ಹಾಗಿಲ್ಲ.

ಮೇಷ್ಟ್ರು: ಅದೇನು ಹತ್ತು ವರ್ಷ?

ವೈದ್ಯೆ: 1996ರ ಕಾನೂನು. ಪರವಾನಗಿ ಇಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಆ ದೇಶದಲ್ಲಿದ್ದು ಹೊರಗೆ ಹೋದರೆ, ಮತ್ತೆ ಒಳಗೆ ಬರೋಕೆ ಹತ್ತು ವರ್ಷದ ತಡೆ. ಆರು ತಿಂಗಳು ದಾಟಿದ್ದರೆ ಮೂರು ವರ್ಷ. ಜನ ಬರೋದನ್ನ ತಡೆಯೋಕೆ ಮಾಡಿದ ಕಾನೂನು ಅವರು ಹೋಗೋದನ್ನ ತಡೀತು. ಅದಕ್ಕೆ ಮುಂಚೆ ಎಷ್ಟೋ ಗಂಡಸರು ಕೊಯ್ಲಿಗೆ ಬಂದು ಸುಗ್ಗಿ ಮುಗಿದ ಮೇಲೆ ಊರಿಗೆ ಹೋಗ್ತಿದ್ದರು. ಗಡಿ ಬಿಗಿಯಾಗ್ತಾ ಹೋದ ಹಾಗೆ ಅದು ಕಮ್ಮಿಯಾಯ್ತು, ಹೆಂಡತಿ ಮಕ್ಕಳನ್ನೂ ಕರೆಸಿಕೊಂಡು ಅಲ್ಲೇ ನಿಂತರು. ಈಗ ಊರಲ್ಲಿ ಅಮ್ಮ ಸತ್ತರೆ ಫೋನಿನಲ್ಲಿ ಮಣ್ಣು ನೋಡ್ತಾರೆ. ಎದೆನೋವು ಅಂತ ಬಂದ ಗಂಡಸೊಬ್ಬ, ಇಸಿಜಿ ಸರಿ, ಟ್ರೋಪೊನಿನ್ ಸರಿ. ಜೇಬಿನಿಂದ ಫೋನ್ ತೆಗೆದು ಅಮ್ಮನ ಶವಯಾತ್ರೆಯ ವಿಡಿಯೋ ತೋರಿಸಿದ. ಅವನು ಕೇಳಿದ್ದು ಒಂದೇ, ‘ಈ ನೋವು ಎಷ್ಟು ದಿನ ಇರುತ್ತೆ?’ ಬಾರ್ಸಿಲೋನಾದ ಮನೋವೈದ್ಯ ಜೋಸೆಬಾ ಅಚೊತೆಗಿ ಇಂಥದ್ದಕ್ಕೆ ಯುಲಿಸಿಸ್ ಸಿಂಡ್ರೋಮ್ ಅಂತ ಹೆಸರಿಟ್ಟಿದ್ದಾರೆ. ತಲೆನೋವು, ನಿದ್ದೆಗೇಡು, ಎದೆ ಭಾರ. ಇದು ಮನೋರೋಗ ಅಲ್ಲ, ಮನುಷ್ಯ ಹೊರಲಾರದಷ್ಟು ಹೊತ್ತಾಗ ಹೀಗಾಗುತ್ತೆ, ಖಿನ್ನತೆಯ ಮಾತ್ರೆ ತಿನ್ನಿಸೋಕೆ ಆತುರಪಡಬೇಡಿ ಅನ್ನೋದು ಅವರ ವಾದ.

ಮೇಷ್ಟ್ರು: ನೋಡು, ನಾನು ಹಳೇ ಕಾಲದವನು, ನೇರವಾಗಿ ಕೇಳ್ತೀನಿ. ಗಡಿ ಅಂದ ಮೇಲೆ ಕಾವಲು ಇರುತ್ತೆ. ಯಾವ ದೇಶ ಬೇಕಾದವರೆಲ್ಲ ಬನ್ನಿ ಅಂತ ಬಾಗಿಲು ತೆಗೆದಿಟ್ಟಿದೆ? ನಮ್ಮಲ್ಲಿ ನುಸುಳುಕೋರರ ಸುದ್ದಿ ಬಂದಾಗ ನಾನೂ ಕ್ಲಬ್ಬಿನಲ್ಲಿ ಕೂತು ಕಡ್ಡಿ ಮುರಿದ ಹಾಗೆ ಮಾತಾಡೋನೇ. ತೆರಿಗೆ ಕಟ್ಟೋನು ಕೇಳಲ್ವಾ, ಇವರ ಖರ್ಚು ನಾನ್ಯಾಕೆ ಕೊಡಲಿ ಅಂತ?

ವೈದ್ಯೆ: ಗಡಿ ಇರಬಾರದು ಅಂತ ನಾನು ಹೇಳ್ತಿಲ್ಲ. ಖರ್ಚಿನ ಮಾತನ್ನೇ ತಗೊಳ್ಳಿ. ನಾನು ರೆಸಿಡೆನ್ಸಿ ಮಾಡಿದ್ದು ಟೆಕ್ಸಾಸಿನಲ್ಲಿ, ಒಂದು ದೊಡ್ಡ ಸಾರ್ವಜನಿಕ ಆಸ್ಪತ್ರೆ. ಕಿಡ್ನಿ ಪೂರ್ತಿ ಹೋದವರಿಗೆ ಡಯಾಲಿಸಿಸ್ ವಾರಕ್ಕೆ ಮೂರು ಸಲ ಆಗಬೇಕು. 1972ರ ಒಂದು ಕಾನೂನಿನ ಪ್ರಕಾರ ಅಮೆರಿಕ ತನ್ನ ಹೆಚ್ಚುಕಡಿಮೆ ಎಲ್ಲ ಪ್ರಜೆಗಳಿಗೂ, ವಯಸ್ಸು ನೋಡದೆ, ಅದರ ಖರ್ಚು ಕೊಡುತ್ತೆ. ಕಾಗದ ಇಲ್ಲದವರಿಗೆ ಅದಿಲ್ಲ. ಅವರಿಗಿರೋದು 1986ರ ಇನ್ನೊಂದು ಕಾನೂನು: ತುರ್ತು ಚಿಕಿತ್ಸಾ ವಿಭಾಗದ ಬಾಗಿಲಿಗೆ ಬಂದವರು ಯಾರೇ ಆಗಿರಲಿ, ಪರೀಕ್ಷಿಸಿ ಜೀವಕ್ಕಿರೋ ಅಪಾಯ ತಪ್ಪಿಸಿ ಕಳಿಸಬೇಕು. ಹಾಗಾಗಿ ಅವರು ಅಪಾಯ ಬರೋವರೆಗೆ ಕಾಯ್ತಾರೆ. ಪೊಟ್ಯಾಸಿಯಂ ಸಾಕಷ್ಟು ಏರಿರಬೇಕು, ಇಲ್ಲ ಶ್ವಾಸಕೋಶಕ್ಕೆ ನೀರು ತುಂಬಿರಬೇಕು, ಇಲ್ಲ ಇಸಿಜಿ ಕೆಟ್ಟಿರಬೇಕು. ಸಾಲದು ಅಂತ ಬಂದರೆ ‘ಇವತ್ತು ಬೇಡ, ನಾಳೆ ಬನ್ನಿ.’ ಕೆಲವರು ಬರೋ ಮುಂಚೆ ಬಾಳೆಹಣ್ಣು ತಿಂದು, ಕಿತ್ತಳೆ ರಸ ಕುಡಿದು ಬರೋರು.

ಮೇಷ್ಟ್ರು: ಪೊಟ್ಯಾಸಿಯಂ ಏರಿಸಿಕೊಳ್ಳೋಕೆ! ಹೃದಯ ನಿಂತು ಹೋಗುತ್ತಲ್ಲಮ್ಮ!

ವೈದ್ಯೆ: ಗೊತ್ತು, ಅವರಿಗೂ ಗೊತ್ತು. ರಾತ್ರಿ ಮೂರು ಗಂಟೆಗೆ ಟಿ ಅಲೆ ಗೋಪುರದ ಹಾಗೆ ಎದ್ದು ನಿಂತಿರೋ ಇಸಿಜಿ ಹಿಡಿದು ನಾನು ಅಡ್ಮಿಷನ್ ಬರೀತಿದ್ದೆ. ಆ ಬರವಣಿಗೆಯಲ್ಲಿ ‘ತುರ್ತು’ ಅನ್ನೋದನ್ನ ಸಾಬೀತು ಮಾಡಬೇಕು. ಮಾಡದಿದ್ದರೆ ಮೆಷಿನ್ ಇಲ್ಲ. ಲಿಲಿಯಾ ಸರ್ವಾಂಟಿಸ್ ಅಂತ ಡೆನ್ವರಿನ ವೈದ್ಯೆ, ಇದನ್ನ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ಹೀಗೆ ತುರ್ತಿಗೆ ಮಾತ್ರ ಡಯಾಲಿಸಿಸ್ ಸಿಗೋ ವಲಸಿಗರು ಐದು ವರ್ಷದಲ್ಲಿ ಸಾಯೋ ಅಪಾಯ, ಕ್ರಮವಾಗಿ ಡಯಾಲಿಸಿಸ್ ಸಿಗೋ ವಲಸಿಗರಿಗಿಂತ 14 ಪಟ್ಟು ಹೆಚ್ಚು. ರೋಗ ಅದೇ, ಜನ ಅದೇ, ಊರು ಬೇರೆ ಅಷ್ಟೇ. ಇನ್ನು ತೆರಿಗೆದಾರನ ದುಡ್ಡು. ತುರ್ತು ವಿಭಾಗ, ಐಸಿಯು ಎಲ್ಲಾ ಸೇರಿ ಖರ್ಚು ಕ್ರಮದ ಡಯಾಲಿಸಿಸ್ಸಿಗಿಂತ ಮೂರು ಪಟ್ಟಿಗೂ ಹೆಚ್ಚಾಗುತ್ತೆ ಅಂತ ಹ್ಯೂಸ್ಟನ್ನಿನ ಒಂದು ಅಧ್ಯಯನ 2007ರಲ್ಲೇ ತೋರಿಸಿತ್ತು. ಕೊಲರಾಡೊ ರಾಜ್ಯ 2019ರಲ್ಲಿ ನಿಯಮ ಬದಲಾಯಿಸಿ ಇವರಿಗೂ ಕ್ರಮದ ಡಯಾಲಿಸಿಸ್ ಕೊಟ್ಟಿತು.

ಮೇಷ್ಟ್ರು: ಅಂದರೆ ಜಾಸ್ತಿ ದುಡ್ಡು ಕೊಟ್ಟು ಕಡಿಮೆ ಬದುಕಿಸೋದು. ಇದಕ್ಕೆ ಕ್ಲಬ್ಬಿನಲ್ಲೂ ನನ್ನ ಹತ್ತಿರ ಉತ್ತರ ಇಲ್ಲ ಬಿಡು.

ವೈದ್ಯೆ: ಸರ್ವಾಂಟಿಸ್ ಮಾಡಿದ್ದೂ ಬರವಣಿಗೆಯೇ ನೋಡಿ. ಒಬ್ಬೊಬ್ಬರ ಹೆಸರು ಬರೆಯದೆ ಎಲ್ಲರ ಸಾವನ್ನೂ ಬರೆದಿಟ್ಟರು.

ಮೇಷ್ಟ್ರು: ಮತ್ತೆ ನನ್ನ ಮಾತಿಗೇ ಬಂದೆಯಲ್ಲ. ಇರಲಿ, ಮಕ್ಕಳ ವಿಷಯ ಹೇಳು. 2018ರಲ್ಲಿ ಟೀವಿಯಲ್ಲಿ ನೋಡಿದ್ದೆ, ಪಂಜರದ ಹಾಗಿರೋ ಕಡೆ ಮಕ್ಕಳು. ಆಗ ನನಗೆ ನೆನಪಾಗಿದ್ದು ರಾಬರ್ಟ್‌ಸನ್ ಫಿಲಂ. ನಿಮಗೆ ತೋರಿಸಿದ್ದೆನಾ?

ವೈದ್ಯೆ: ಪಾಠ ಮಾಡಿದ್ದಿರಿ, ಫಿಲಂ ನೋಡಿಲ್ಲ.

ಮೇಷ್ಟ್ರು: ಜೇಮ್ಸ್ ರಾಬರ್ಟ್‌ಸನ್, ಮನೋವೈದ್ಯ ಬೌಲ್ಬಿ ಜೊತೆ ಲಂಡನ್ನಿನಲ್ಲಿ ಕೆಲಸ ಮಾಡ್ತಿದ್ದವರು. 1952ರ ಫಿಲಂ. ಎರಡು ವರ್ಷದ ಹೆಣ್ಣುಮಗು, ಹೊಕ್ಕುಳ ಹರ್ನಿಯಾ, ಎಂಟು ದಿನ ಆಸ್ಪತ್ರೆ. ಆಗೆಲ್ಲ ಇಂಗ್ಲೆಂಡಿನ ವಾರ್ಡುಗಳಲ್ಲಿ ತಾಯಂದಿರು ಇರೋ ಹಾಗಿರಲಿಲ್ಲ. ಸೋಂಕು ತರ್ತಾರೆ, ಬಂದು ಹೋದರೆ ಮಗು ಅಳುತ್ತೆ ಅಂತ. ಮಗು ಮೊದಲು ಅಳುತ್ತೆ, ಆಮೇಲೆ ಮಂಕಾಗುತ್ತೆ, ಕೊನೆಗೆ ಅಮ್ಮ ಬಂದರೂ ಮುಖ ತಿರುಗಿಸುತ್ತೆ. ಆ ಕೊನೆಯದನ್ನ ನರ್ಸುಗಳು ‘ಹೊಂದಿಕೊಂಡಿದೆ’ ಅಂತ ಬರೀತಿದ್ದರು. ಫಿಲಂ ನೋಡಿದ ಡಾಕ್ಟರುಗಳು ರಾಬರ್ಟ್‌ಸನ್ ಮೇಲೇ ಹರಿಹಾಯ್ದರು. 1959ರ ಪ್ಲಾಟ್ ವರದಿ ಬಂದ ಮೇಲೆ ನಿಧಾನಕ್ಕೆ ಬಾಗಿಲು ತೆಗೆದದ್ದು. ನಮ್ಮ ದೊಡ್ಡಾಸ್ಪತ್ರೆಯಲ್ಲಿ ಆ ಪಾಪ ಆಗಲಿಲ್ಲ, ಅದೂ ಪುಣ್ಯದಿಂದೇನಲ್ಲ. ನರ್ಸುಗಳು ಸಾಲ್ತಿರಲಿಲ್ಲ. ಮಂಚದ ಕೆಳಗೆ ಚಾಪೆ ಹಾಕಿಕೊಂಡು ತಾಯಿ, ಪಕ್ಕದಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ಅಜ್ಜಿ. ರೌಂಡ್ಸಿಗೆ ಹೋದರೆ ಕಾಲಿಗೆ ತೊಡರೋರು, ನಾನು ಬೈತಿದ್ದೆ.

ವೈದ್ಯೆ: 2018ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಅಧ್ಯಕ್ಷೆ ಕೊಲೀನ್ ಕ್ರಾಫ್ಟ್ ಟೆಕ್ಸಾಸಿನ ಒಂದು ಆಶ್ರಯ ಕೇಂದ್ರಕ್ಕೆ ಹೋಗಿದ್ದರು. ಪುಟ್ಟ ಮಗುವೊಂದು ನೆಲಕ್ಕೆ ಗುದ್ದಿ ಗುದ್ದಿ ಅಳ್ತಿದೆ. ಸಿಬ್ಬಂದಿ ಪಕ್ಕದಲ್ಲೇ ಇದ್ದಾಳೆ, ಎತ್ತಿಕೊಳ್ಳೋ ಹಾಗಿಲ್ಲ, ಮುಟ್ಟಬಾರದು ಅಂತ ನಿಯಮ. ಆಟಿಕೆ, ಪುಸ್ತಕ ಎಲ್ಲಾ ಇತ್ತಂತೆ. ಪರವಾನಗಿ ಇಲ್ಲದೆ ಗಡಿ ದಾಟಿದ ಪ್ರತಿಯೊಬ್ಬರ ಮೇಲೂ ಮೊಕದ್ದಮೆ ಅಂತ ಏಪ್ರಿಲ್‌ನಲ್ಲಿ ಘೋಷಿಸಿದರು, ಅಪ್ಪ ಅಮ್ಮ ಜೈಲಿಗೆ, ಮಕ್ಕಳು ಇನ್ನೊಂದು ಇಲಾಖೆಗೆ. ಜೂನ್ 20ಕ್ಕೆ ಅದನ್ನ ನಿಲ್ಲಿಸಿದರು. 26ಕ್ಕೆ ಸ್ಯಾನ್ ಡಿಯೇಗೊದ ನ್ಯಾಯಾಧೀಶ ಡೇನಾ ಸಬ್ರಾ ಮಕ್ಕಳನ್ನ ಮೂವತ್ತು ದಿನದೊಳಗೆ ಸೇರಿಸಿ, ಐದು ವರ್ಷದೊಳಗಿನವರನ್ನ ಹದಿನಾಲ್ಕು ದಿನದೊಳಗೆ ಅಂತ ಆದೇಶ ಕೊಟ್ಟರು. ಆಗ ಗೊತ್ತಾಗಿದ್ದು, ಯಾವ ಮಗು ಯಾರದ್ದು ಅಂತ ಒಂದು ಕಡೆ ಸರಿಯಾಗಿ ಬರೆದಿಟ್ಟಿರಲೇ ಇಲ್ಲ. ಎರಡು ಇಲಾಖೆ, ಎರಡು ಕಂಪ್ಯೂಟರ್, ಒಂದಕ್ಕೊಂದು ಸಂಬಂಧ ಇಲ್ಲ. ಎಲ್ಲಾ ಸೇರಿ ಐದು ಸಾವಿರಕ್ಕೂ ಮೀರಿ ಮಕ್ಕಳು. ವರ್ಷಗಟ್ಟಲೆ ಆದ ಮೇಲೂ ಕೆಲವರ ತಂದೆ ತಾಯಿಯನ್ನ ಹುಡುಕ್ತಾನೇ ಇದ್ದರು.

ಮೇಷ್ಟ್ರು: ಹಾಂ! ಈಗ ಸಿಕ್ಕಿಹಾಕಿಕೊಂಡೆ. ಬೇಲಿ ಕಾಯೋರಿಗೆ ಬರೆಯೋದು ಬೇಕಿರಲಿಲ್ಲ, ಅವರು ಬರೆಯಲಿಲ್ಲ. ನೀನೂ ಬರೆಯದಿದ್ದರೆ?

ವೈದ್ಯೆ: ಬರೆಯೋ ಜಾಗ ಬೇರೆ ಇದೆ ಸರ್. ತಿಂಗಳಿಗೆ ಒಂದೆರಡು ಶನಿವಾರ ಆ ಕೆಲಸ ಮಾಡ್ತೀನಿ. ಹೊಡೆತ, ಹಿಂಸೆ ತಪ್ಪಿಸಿಕೊಂಡು ಬಂದು ಆಶ್ರಯ ಕೇಳೋರು ಇರ್ತಾರೆ, ಗ್ವಾಟೆಮಾಲಾ, ಹೊಂಡುರಾಸ್, ಕೆಲವು ಸಲ ನಮ್ಮ ಪಂಜಾಬಿನವರೂ. ಅವರ ವಕೀಲರು ವೈದ್ಯಕೀಯ ಪ್ರಮಾಣಪತ್ರ ಕೇಳ್ತಾರೆ. ಅದಕ್ಕೆ ವಿಶ್ವಸಂಸ್ಥೆಯ ಇಸ್ತಾಂಬುಲ್ ಪ್ರೋಟೊಕಾಲ್ ಅಂತ ಒಂದು ಕೈಪಿಡಿ ಇದೆ, 1999ರದ್ದು. ಅಲ್ಲಿ ಒಂದಕ್ಷರ ಬಿಡೋ ಹಾಗಿಲ್ಲ. ಬೆನ್ನಿನ ಮೇಲಿನ ಗುರುತು ಎಷ್ಟು ಸೆಂಟಿಮೀಟರ್, ಅಂಚು ಹೇಗಿದೆ, ಬೆಲ್ಟಿನ ಏಟಿಗೆ ಹೊಂದುತ್ತಾ, ಬಿದ್ದು ಆದದ್ದಿರಬಹುದಾ. ‘ಹೊಂದುತ್ತದೆ’, ‘ಬಲವಾಗಿ ಹೊಂದುತ್ತದೆ’, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತೂಗಿ ಬರೀಬೇಕು. ಹಾಗೆ ಬರೆದದ್ದಕ್ಕೆ ಬೆಲೆ ಇದೆ. 2008ರಲ್ಲಿ ಬಂದ ಒಂದು ಅಧ್ಯಯನದಲ್ಲಿ ವೈದ್ಯರ ಪರೀಕ್ಷೆ ಆದವರಲ್ಲಿ 89 ಪ್ರತಿಶತ ಜನಕ್ಕೆ ಆಶ್ರಯ ಸಿಕ್ಕಿತ್ತು, ಆಗಿನ ದೇಶದ ಸರಾಸರಿ 37.5.

ಮೇಷ್ಟ್ರು: ಗಟ್ಟಿ ಕೇಸುಗಳನ್ನೇ ವಕೀಲರು ನಿಮ್ಮ ಹತ್ತಿರ ಕಳಿಸಿರ್ತಾರೆ. ಆ ವ್ಯತ್ಯಾಸ ಪೂರ್ತಿ ನಿಮ್ಮದಲ್ಲ.

ವೈದ್ಯೆ: ನೀವು ಹಾಗೇ ಹೇಳ್ತೀರಿ ಅಂತ ಗೊತ್ತಿತ್ತು. ಅದು ನಿಜವೇ. ವಕೀಲ ಇರೋದೇ ಅರ್ಧ ಗೆಲುವು. ಆದರೂ ಸೋಮವಾರದಿಂದ ಶುಕ್ರವಾರ ಒಬ್ಬಳ ಗಂಡನ ವಿಷಯ ಕೈಯಾರೆ ಬಿಟ್ಟುಬಿಟ್ಟು, ಶನಿವಾರ ಇನ್ನೊಬ್ಬನ ಬೆನ್ನಿನ ಗೆರೆಗೆರೆಯನ್ನೂ ಅಳೆದು ಬರೀತೀನಿ. ಎರಡೂ ಅವರಿಗೋಸ್ಕರವೇ. ಇವೆರಡರಲ್ಲಿ ನನಗೆ ಗೊಂದಲ ಇಲ್ಲ. ಮೂರನೇದು ಒಂದಿದೆ, ಅದಕ್ಕೇ ನಿಮ್ಮ ಹತ್ತಿರ ಬಂದಿದ್ದು.

ಮೇಷ್ಟ್ರು: ಕಾಫಿ ಕುಡೀತಾ ಹೇಳು, ಆರಿಹೋಗುತ್ತೆ.

ವೈದ್ಯೆ: ಇನ್ನೊಬ್ಬ ಒಂಬತ್ತು ವರ್ಷದ ಹುಡುಗ, ಅಲ್ಲೇ ಹುಟ್ಟಿದವನು. ಆಸ್ತಮಾ. ನಮ್ಮ ಕಣಿವೆಯ ಗಾಳಿಗೆ ಅದು ಮನೆಮನೆಯ ಕಾಯಿಲೆ. ಅಪ್ಪನನ್ನ ಹಿಡಿದಿದ್ದಾರೆ. ಹದಿನೈದು ವರ್ಷಕ್ಕೂ ಮೇಲೆ ಆ ದೇಶದಲ್ಲಿದ್ದಾನೆ, ಪೊಲೀಸ್ ಕೇಸಿಲ್ಲ. ಗಡೀಪಾರು ರದ್ದು ಮಾಡಿ ಅಂತ ಕೇಳೋಕೆ ಕಾನೂನಿನಲ್ಲಿ ಒಂದು ಕಿಂಡಿ ಇದೆ: ಹತ್ತು ವರ್ಷ ಇದ್ದಿರಬೇಕು, ನಡತೆ ಸರಿಯಿರಬೇಕು, ಅವನನ್ನ ಕಳಿಸಿದರೆ ಅಮೆರಿಕದ ಪ್ರಜೆಯಾದ ಹೆಂಡತಿಗೋ ಮಗುವಿಗೋ ತಂದೆತಾಯಿಗೋ ಅಸಾಧಾರಣವಾದ, ತೀರಾ ವಿಪರೀತದ ಕಷ್ಟ ಆಗುತ್ತೆ ಅಂತ ತೋರಿಸಬೇಕು. ಬರೀ ಕಷ್ಟ ಸಾಲದು. ಅಪ್ಪ ಇಲ್ಲದೆ ಮಗು ಅಳೋದು ಎಲ್ಲರಿಗೂ ಆಗೋದೇ ಅಂತಾರೆ. ಇಡೀ ದೇಶಕ್ಕೆ ವರ್ಷಕ್ಕೆ ನಾಲ್ಕು ಸಾವಿರ ಜನಕ್ಕೆ ಮಾತ್ರ. ವಕೀಲರು ಮಗುವಿನ ಕಾಯಿಲೆ ಬಗ್ಗೆ ನನ್ನ ಪತ್ರ ಕೇಳಿದ್ದಾರೆ.

ಮೇಷ್ಟ್ರು: ಇದ್ದದ್ದು ಇದ್ದ ಹಾಗೆ ಬರೆದುಕೊಡು.

ವೈದ್ಯೆ: ಇದ್ದದ್ದು ಇಷ್ಟು. ಅಪ್ಪ ಹೋದ ಮೊದಲ ಎರಡು ತಿಂಗಳು ಹುಡುಗ ಎರಡು ಸಲ ಅಡ್ಮಿಟ್ ಆದ. ರಾತ್ರಿ ಎದ್ದು ಸ್ಪೇಸರ್ ಹಾಕಿ ಇನ್ಹೇಲರ್ ಕೊಡ್ತಿದ್ದದ್ದು ಅಪ್ಪ, ಅಮ್ಮನಿಗೆ ರಾತ್ರಿ ಪಾಳಿ. ಹಾಸಿಗೆ ಒದ್ದೆ ಮಾಡಿಕೊಳ್ಳೋಕೆ ಶುರುಮಾಡಿದ.

ಮೇಷ್ಟ್ರು: ಮೂತ್ರ ಪರೀಕ್ಷೆ? ಸಕ್ಕರೆ?

ವೈದ್ಯೆ: ಎಲ್ಲಾ ಸರಿ ಇದೆ. ಆಮೇಲೆ ನಾವು ಬಿಡಲಿಲ್ಲ. ಶಾಲೆಯ ನರ್ಸ್ ಬೆಳಗಿನ ಡೋಸ್ ಕೊಡೋ ಹಾಗೆ ಮಾಡಿದ್ವಿ. ಪಕ್ಕದ ಟ್ರೇಲರಿನ ಅಜ್ಜಿಗೆ ಸ್ಪೇಸರ್ ಹೇಳಿಕೊಟ್ವಿ. ಈಗ ನಾಲ್ಕು ತಿಂಗಳಿಂದ ಒಂದು ಅಟ್ಯಾಕ್ ಇಲ್ಲ. ಹೋದ ಸಲ ಬಂದಾಗ ಅಮ್ಮ ಬಾಗಿಲು ಹಾಕಿ ಕೇಳಿದಳು: ವಿಚಾರಣೆ ಮುಗಿಯೋವರೆಗೆ ಔಷಧಿ ನಿಲ್ಲಿಸಿದರೆ ತುಂಬಾ ಅಪಾಯವಾ ಅಂತ.

ಮೇಷ್ಟ್ರು: ಅಯ್ಯೋ.

ವೈದ್ಯೆ: ಅವಳು ಕೆಟ್ಟ ತಾಯಿ ಅಲ್ಲ ಸರ್. ಲೆಕ್ಕ ಹಾಕ್ತಿದ್ದಾಳೆ. ಮಗ ಹುಷಾರಾದಷ್ಟೂ ಗಂಡ ದೂರ ಆಗ್ತಾನೆ.

ಮೇಷ್ಟ್ರು: ನೀನೇನಂದೆ?

ವೈದ್ಯೆ: ನಿಲ್ಲಿಸಬೇಡಿ ಅಂದೆ, ಒಂದು ಸಲ ಅಲ್ಲ, ನಾಲ್ಕು ಸಲ. ಅದು ಸುಲಭ. ಪತ್ರ ಕಷ್ಟ. ‘ಆಸ್ತಮಾ ಈಗ ಹತೋಟಿಯಲ್ಲಿದೆ’ ಅಂತ ಒಂದು ಸಾಲು ಇದೆ, ಅದನ್ನ ಬಿಡಬಹುದು. ಕ್ಲಿನಿಕ್ಕಿನಲ್ಲಿ ಎಷ್ಟೋ ಬಿಡೋಳು ನಾನು. ಇದೊಂದನ್ನ ಬಿಟ್ಟರೆ ಏನಾಯ್ತು?

ಮೇಷ್ಟ್ರು: ಅಲ್ಲಿ ನೀನು ಬಿಡೋದು ರೋಗಿಯ ವಿಚಾರ, ನಿನ್ನದಲ್ಲ. ಇಲ್ಲಿ ಬಿಡೋದು ನೀನೇ ಪರೀಕ್ಷೆ ಮಾಡಿ ಕಂಡದ್ದು. ಆ ಸಾಲು ಬಿಟ್ಟ ಪತ್ರ ನನ್ನ ಹತ್ತಿರ ಬಂದಿದ್ದರೆ ನಾನು ಮುಂದಿನ ಸಾಲನ್ನೂ ನಂಬ್ತಿರಲಿಲ್ಲ. ಸರ್ಕಾರದ ಕಡೆ ವಕೀಲನೂ ದಡ್ಡನಲ್ಲ, ನಾಲ್ಕು ತಿಂಗಳ ಪೀಕ್ ಫ್ಲೋ ಚಾರ್ಟ್ ಕೇಳ್ತಾನೆ.

ವೈದ್ಯೆ: ಹಾಕಿದರೆ ಅದೇ ಸಾಲನ್ನ ಎತ್ತಿ ತೋರಿಸ್ತಾನೆ, ‘ಮಗು ಹುಷಾರಾಗಿದೆ, ಅಪ್ಪ ಹೋಗಬಹುದು.’

ಮೇಷ್ಟ್ರು: ಪೂರ್ತಿ ಬರೆದರೆ ಹಾಗೆ ತೋರಿಸೋದು ಕಷ್ಟ. ಹತೋಟಿಯಲ್ಲಿದೆ, ಯಾರ ಹತೋಟಿಯಲ್ಲಿ? ಎಪ್ಪತ್ತು ದಾಟಿದ ಪಕ್ಕದ ಮನೆ ಅಜ್ಜಿ, ಶಾಲೆ ನರ್ಸು. ಬೇಸಿಗೆ ರಜೆಯಲ್ಲಿ ಶಾಲೆ ಇಲ್ಲ, ಆಗ ಬೆಳಗಿನ ಡೋಸ್ ಯಾರು ಕೊಡ್ತಾರೆ? ಅಜ್ಜಿಗೂ ಕಾಗದ ಇದೆಯಾ?

ವೈದ್ಯೆ: ಇಲ್ಲ. ಅದನ್ನ ಬರೆಯೋ ಹಾಗಿಲ್ಲ.

ಮೇಷ್ಟ್ರು: ಬೇಡ, ಅಜ್ಜಿಯ ವಿಷಯ ಬಿಡು. ‘ನೆರೆಯವರ ನೆರವು, ಎಷ್ಟು ದಿನ ಎನ್ನುವ ಖಾತ್ರಿ ಇಲ್ಲ’ ಅಂತ ಬರಿ. ಆ ಎರಡು ಅಡ್ಮಿಷನ್ನಿನ ತಾರೀಕು ಹಾಕು, ಅಪ್ಪನನ್ನ ಹಿಡಿದ ತಾರೀಕು ಅದರ ಮೇಲೆ ಹಾಕು. ಪಕ್ಕಪಕ್ಕದಲ್ಲಿಟ್ಟರೆ ಓದೋನಿಗೆ ತಾನೇ ಕಾಣುತ್ತೆ, ನೀನು ವಾದ ಮಾಡಬೇಡ. ಒದ್ದೆ ಹಾಸಿಗೆ ಮಾತ್ರ ಹಾಕೋ ಮುಂಚೆ ಹುಡುಗನ್ನ ಕೇಳು.

ವೈದ್ಯೆ: ಹುಡುಗನ್ನಾ? ಒಂಬತ್ತು ವರ್ಷ.

ಮೇಷ್ಟ್ರು: ಕೋರ್ಟಿನಲ್ಲಿ ಗಟ್ಟಿಯಾಗಿ ಓದ್ತಾರೆ. ಅಪ್ಪನ ಎದುರಿಗೆ.

ವೈದ್ಯೆ: ಅದು ನನಗೆ ಹೊಳೆದಿರಲಿಲ್ಲ.

ಮೇಷ್ಟ್ರು: ವಿಚಾರಣೆ ಯಾವತ್ತು?

ವೈದ್ಯೆ: ನಾನು ವಾಪಸು ಹೋದ ಮಾರನೇ ವಾರ.

ಮೇಷ್ಟ್ರು: ಹಾಗಾದರೆ ಹೋದ ದಿನವೇ ಹೊಸ ಸ್ಪೈರೊಮೆಟ್ರಿ ಮಾಡಿಸು. ಹಳೇ ರಿಪೋರ್ಟ್ ಲಗತ್ತಿಸಿದರೆ ಅದನ್ನೇ ಹಿಡಿದು ಎಳೆದಾಡ್ತಾರೆ. ಡ್ರಾಫ್ಟು ಇದೆಯಾ ಇಲ್ಲಿ? ಫೋನಿನಲ್ಲಿದ್ದರೆ ಬೇಡ, ನನ್ನ ಕಣ್ಣಿಗೆ ಆಗಲ್ಲ. ಪ್ರಿಂಟ್ ತೆಗೆಸಿಕೊಂಡು ನಾಳೆ ಬೆಳಿಗ್ಗೆ ಬಾ, ಕೆಂಪು ಪೆನ್ನು ನನ್ನ ಹತ್ತಿರವೇ ಇದೆ.